ಮಗನ ಕಾದಂಬರಿಯಲ್ಲಿ ಆಟಿ ಕಷಾಯ

ನನ್ನ ಮಗ ಆಟಿ ತಿಂಗಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಕುಡಿಯುವ ಕಷಾಯವನ್ನು ಒಂದು ವರ್ಷವೂ ತಾನಾಗಿ ಕುಡಿದವನಲ್ಲ. ನನ್ನ ಅತ್ತೆ ಅವನ ಕೈ ಹಿಡಿಯುತ್ತಿದ್ದರು, ನಾನು ಮೂಗು ಒತ್ತಿ ಹೊಯ್ಯುತ್ತಿದ್ದೆ. ಅರ್ಧ ಅವನ ಹೊಟ್ಟೆಗೆ, ಅರ್ಧ ನನ್ನ ಸೀರೆಗೆ. ನಡೆದದ್ದು ಇಷ್ಟೆ. ಅವನು ಬರೆದ ಕಾದಂಬರಿಯಲ್ಲಿ ಮಾತ್ರ ಅಮ್ಮ ತಲೆ ಸವರುತ್ತಾಳೆ, ಹುಡುಗ ಗಟಗಟ ಕುಡಿದು "ಇನ್ನೂ ಉಂಟಾ ಅಮ್ಮಾ?" ಎಂದು ಕೇಳುತ್ತಾನೆ. ಪಾಲೆ ಮರದ ತೊಗಟೆ ಜಜ್ಜಿ ತೆಗೆದ ಆ ಕೆತ್ತೆ ರಸದ ಕಹಿಯನ್ನು ಇನ್ನೊಮ್ಮೆ ಕೇಳಿದ ಮಕ್ಕಳನ್ನು ನಾನು ನಮ್ಮ ಇನ್ನಂಜೆಯಲ್ಲಿ ನೋಡಿಲ್ಲ. ಕಾಪುವಿನಲ್ಲೂ ಇರಲಿಕ್ಕಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಕೂಡಿಸಿ ಆ ಪುಸ್ತಕ ಮುಗಿಸುವಾಗ ಒಂದು ಮಳೆಗಾಲವೇ ಕಳೆಯಿತು. ಮಗ ಕಾರ್ಕಳದಲ್ಲಿ ಮಾಸ್ತ್ರು. ಅಲ್ಲಿ ಮಾವನ ಮನೆಯ ಫ್ಯಾನಿನ ಅಡಿಯಲ್ಲಿ ಕೂತು ನಮ್ಮ ಮನೆಯ ಸೆಕೆಯನ್ನು ಚಂದ ಚಂದ ಮಾಡಿ ಬರೆದಿದ್ದಾನೆ. ನಾನು ಗದ್ದೆಯಲ್ಲಿ ನೇಜಿ ನೆಡುವಾಗ ಹಾಡುತ್ತಿದ್ದೆನಂತೆ. ನನಗೆ ಸೊಂಟ ನೋವು, ಹಾಡುವುದೆಲ್ಲಿ? ಪಕ್ಕದ ಮನೆಯ ಸಿಸಿಲಿಯಾ ಬಾಯಿ ಓದಿ ಬಂದವಳೇ ಕೇಳಿದಳು, "ಅಕ್ಕಾ, ಇದರಲ್ಲಿ ಬರುವ ಅಮ್ಮ ಯಾರು? ನಿಮ್ಮ ತಂಗಿಯಾ?" ಅವಳು ಕೇಳದೆ ಇರುತ್ತಾಳಾ? ಅಮಾವಾಸ್ಯೆಯ ಬೆಳಿಗ್ಗೆ ಈ ಮಹಾರಾಯ ಓಡಿಹೋಗಿ ಅಡಗುತ್ತಿದ್ದದ್ದು ಅವಳ ಕೋಳಿಗೂಡಿನ ಹಿಂದೆ.

ಈ ಸಲ ಅಮಾವಾಸ್ಯೆಯ ಮುಂಚಿನ ದಿನ ಮಗ ಮಣಿಪಾಲದಿಂದ ಗಂಡ ಹೆಂಡತಿ ಇಬ್ಬರನ್ನು ಕರೆದುಕೊಂಡು ಬಂದ. ಇಬ್ಬರೂ ಕಾಲೇಜಿನಲ್ಲಿ ಕಲಿಸುವವರು, ಪುಸ್ತಕ ಮೆಚ್ಚಿದವರು. ಅವರಿಗೆ "ಆ ಅಮ್ಮನ ಕೈಯಿಂದಲೇ" ಕಷಾಯ ಕುಡಿಯಬೇಕಂತೆ. ಅವರನ್ನು ಚಾವಡಿಯಲ್ಲಿ ಕೂರಿಸಿ ಮಗ ಅಡುಗೆಮನೆಗೆ ಬಂದ.

"ಅಮ್ಮಾ, ನಾಳೆ ಅವರ ಎದುರು ನಾನೂ ಕುಡೀಬೇಕು. ಸ್ವಲ್ಪ ಬೆಲ್ಲ ಹಾಕು."

"ಎಂತ, ಪಾಯಸ ಅಂತ ಗ್ರಹಿಸಿದ್ದೀಯಾ?"

"ಹಾಗಾದ್ರೆ ಮೂಗು ಒತ್ತಿದ ಕಥೆ ಹೇಳ್ಬೇಡ. ಪುಸ್ತಕ ಇಡೀ ಸುಳ್ಳು ಅಂತಾರೆ. ಮತ್ತೆ ನಾನು ಯಾರಿಗೂ ಮುಖ ತೋರಿಸುವ ಹಾಗಿಲ್ಲ."

"ಸುಳ್ಳೇ ಅಲ್ವಾ?"

"ಮೂಗು ಒತ್ತಿದ್ದು ನಿಜ. ಆದ್ರೆ ಕುಡಿದ ಮೇಲೆ ನೀನು ತಲೆ ಸವರ್ತಿದ್ದಿ. ನನಗೆ ಸರೀ ನೆನಪುಂಟು."

"ಸವರಿದ್ದಲ್ಲ ಮಾರಾಯ, ಮೊಟಕಿದ್ದು."

ಸುಳ್ಳು ಹೇಳುವಾಗ ಇವನು ಕಿವಿ ತುರಿಸುತ್ತಾನೆ, ಸಣ್ಣಂದಿನಿಂದ ಹಾಗೆ. ಆಗ ತುರಿಸಲಿಲ್ಲ. ನನಗೆ ಎಂತದೋ ಆಯಿತು. ನಾನು ಕೊಡದೆ ಇದ್ದದ್ದನ್ನು ಇವನು ಇಷ್ಟು ವರ್ಷ ಜೋಪಾನ ಮಾಡಿ ಇಟ್ಟುಕೊಂಡಿದ್ದಾನಲ್ಲ! ಇಬ್ಬರಲ್ಲಿ ಯಾರ ನೆನಪು ಸರಿ ಎಂದು ಕೇಳಲಿಕ್ಕೆ ಅತ್ತೆಯೂ ಇಲ್ಲ.

ಮರುದಿನ ಬೆಳಿಗ್ಗೆ ಕೆತ್ತೆಯ ರಸಕ್ಕೆ ಓಮ, ಬೆಳ್ಳುಳ್ಳಿ, ಕರಿಮೆಣಸು ಹಾಕಿದೆ, ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಅದರಲ್ಲಿ ಅದ್ದಿ ಚುಂಯ್ ಎನ್ನಿಸಿದೆ. ಬೆಲ್ಲ ಹಾಕಲಿಲ್ಲ. ಮಣಿಪಾಲದವರು ಒಂದು ಗುಟುಕಿಗೇ ಮಾತು ನಿಲ್ಲಿಸಿದರು. ಮಗ ಕಣ್ಣು ಮುಚ್ಚಿ ಲೋಟ ಖಾಲಿ ಮಾಡಿದ, ಕಣ್ಣಲ್ಲಿ ನೀರು. ಆ ಹೆಂಗಸು ಕೆಮ್ಮುತ್ತಲೇ ಕೇಳಿದರು, "ಅಮ್ಮಾ, ಆಗಲೂ ಇವರು ಹೀಗೇ ಕುಡೀತಿದ್ರಾ?" ಮಗ ನನ್ನ ಮುಖ ನೋಡಿದ. ಬಾಗಿಲಲ್ಲಿ ಸಿಸಿಲಿಯಾ ಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಕೂದಲು ಉದುರಿದ ಅವನ ತಲೆಯನ್ನು ಎರಡು ಸಲ ಸವರಿದೆ. ಅಭ್ಯಾಸ ಇಲ್ಲದ ಕೈ. ಒಲೆಕಟ್ಟೆ ಒರೆಸಿದ ಹಾಗೆ ಆಯಿತು.