ಹನ್ನೆರಡೇ ಬೀಳಬೇಕೆಂದು ಹಟ ಹಿಡಿದ ತಪಾಸಣಾಧಿಕಾರಿಗಳಿಗೆ

ಮಾನ್ಯ ಶಾಲಾ ತಪಾಸಣಾಧಿಕಾರಿಗಳೇ,

ತಾವು ಕ್ಷೇಮವೆಂದೂ, ತಮ್ಮ ಕಚೇರಿಯ ಕಪಾಟಿನಲ್ಲಿ ಅರಗಿನ ಮುದ್ರೆಯೊಳಗೆ ಬಂದಿಯಾಗಿರುವ ನಮ್ಮ ಎರಡು ದಾಳಗಳೂ ಕ್ಷೇಮವೆಂದೂ ನಂಬಿ, ಐದನೇ ತರಗತಿಯ ಗಣಿತದ ಟೀಚರಾದ ನಾನು ಕೈ ಜೋಡಿಸಿ, ಬರೆಯಲು ಬೇಕಾದ ಒಂದು ಕೈಯನ್ನು ಮಾತ್ರ ತಮ್ಮ ಅಪ್ಪಣೆಯಿಲ್ಲದೆ ಬಿಡಿಸಿಕೊಂಡು, ಈ ಪತ್ರ ಬರೆಯುತ್ತಿದ್ದೇನೆ. ಇದೇ ವಿಷಯವಾಗಿ ತಮಗೆ ಮೂರು ಸಲ ಗುಟ್ಟಾಗಿ ಬರೆದಿದ್ದೆ. ಉತ್ತರ ಬಾರದ್ದರಿಂದ ನಾಲ್ಕನೆಯದನ್ನು ಊರೆಲ್ಲ ಓದಿಕೊಳ್ಳಲಿ ಎಂದು ಬಹಿರಂಗವಾಗಿ ಬರೆದಿದ್ದೇನೆ.

ಕಳೆದ ತಿಂಗಳು ತಾವು ನಮ್ಮ ತರಗತಿಗೆ ದಯಮಾಡಿಸಿದಾಗ ಮಕ್ಕಳು ಗುಂಪುಗುಂಪಾಗಿ ದಾಳ ಎಸೆಯುತ್ತಾ ಕೂಡುವ ಲೆಕ್ಕ ಕಲಿಯುತ್ತಿದ್ದರು. ಆಟ ಬಲು ಸುಲಭ: ಎರಡರಿಂದ ಹನ್ನೆರಡರೊಳಗೆ ಒಬ್ಬೊಬ್ಬರು ಒಂದೊಂದು ಸಂಖ್ಯೆ ಆರಿಸಿಕೊಳ್ಳಬೇಕು, ಎರಡು ದಾಳಗಳನ್ನು ಒಟ್ಟಿಗೆ ಎಸೆದಾಗ ಚುಕ್ಕೆಗಳ ಮೊತ್ತ ಯಾರ ಸಂಖ್ಯೆಯಾಗುತ್ತದೋ ಅವರ ಕಾಯಿ, ಅಂದರೆ ಅಂಗಿಯ ಗುಂಡಿ, ಒಂದು ಮನೆ ಮುಂದೆ ಹೋಗಬೇಕು, ಐದನೇ ಮನೆ ಮೊದಲು ಮುಟ್ಟಿದವರು ಗೆದ್ದಂತೆ. ತಾವು "ನಾನೂ ಒಂದು ಕೈ ನೋಡ್ತೀನಿ" ಎಂದು ಮಕ್ಕಳ ಬೆಂಚಿನ ಮೇಲೆ ಮಂಡಿ ಗಲ್ಲಕ್ಕೆ ತಾಗುವಂತೆ ಕುಳಿತಾಗ, ಸುಳ್ಳೇಕೆ ಹೇಳಲಿ, ನನಗೆ ತಮ್ಮ ಮೇಲೆ ಗೌರವವೇ ಉಕ್ಕಿಬಂತು. "ಕೇಳಿದ್ರೆ ದೊಡ್ಡದನ್ನೇ ಕೇಳ್ಬೇಕು ಮಕ್ಕಳೇ" ಎಂದು ಉಪದೇಶಿಸಿ, ಅಧಿಕಾರಕ್ಕೆ ತಕ್ಕಂತೆ ಹನ್ನೆರಡನ್ನು ತಾವೇ ಇಟ್ಟುಕೊಂಡಿರಿ. ಎದುರಿಗೆ ಕುಳಿತ ಗುಬ್ಬಿ ಏಳನ್ನು ಕೇಳಿದಳು.

ಗುಬ್ಬಿ ಯಾರೆಂದು ತಾವು ಅಂದು ವಿಚಾರಿಸಲಿಲ್ಲವಾದ್ದರಿಂದ ಈಗ ಹೇಳುತ್ತೇನೆ. ಸಣ್ಣ ಮೈಗೆ, ಅದಕ್ಕಿಂತ ಸಣ್ಣ ದನಿಗೆ ಆ ಹೆಸರು ಬಂದದ್ದು. ಅವಳ ತಾಯಿ ಬಟ್ಟೆ ಹೊಲಿಯುತ್ತಾರೆ. ನಮ್ಮ ಆಟದ ಗುಂಡಿಗಳೆಲ್ಲ ಆ ತಾಯಿಯ ಡಬ್ಬಿಯಿಂದ ಬಂದವು. ಎರಡು ವರ್ಷ ಗಣಿತದ ಪಾಠದಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕುಳಿತಿದ್ದ ಹುಡುಗಿ ದಾಳ ಕೈಗೆ ಬಂದ ಮೂರನೇ ವಾರಕ್ಕೆ, ಯಾವ ಮೊತ್ತ ಎಷ್ಟು ಬಗೆಯಲ್ಲಿ ಬೀಳಬಹುದೆಂದು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ತಾನೇ ಪಟ್ಟಿ ಮಾಡಿದ್ದಳು. ನಾನು ಹೇಳಿಕೊಟ್ಟದ್ದಲ್ಲ.

ಇಪ್ಪತ್ತೆಂಟು ಎಸೆತಗಳಲ್ಲಿ ಏಳು ಐದು ಸಲ ಬಿತ್ತು, ತಮ್ಮ ಹನ್ನೆರಡು ಒಂದೇ ಸಲ ದರ್ಶನ ಕೊಟ್ಟಿತು. ತಾವು ನಕ್ಕು "ನಿಂದು ಅದೃಷ್ಟ ಬಿಡಮ್ಮಾ" ಎಂದಾಗ, ಯಾವತ್ತೂ ಮಾತಾಡದವಳು ಎದ್ದು ನಿಂತು "ಅದೃಷ್ಟ ಅಲ್ಲ ಸರ್, ಏಳು ಬರೋಕೆ ಆರು ದಾರಿ ಇದೆ, ನಿಮ್ಮ ಹನ್ನೆರಡಕ್ಕೆ ಒಂದೇ ದಾರಿ" ಎಂದುಬಿಟ್ಟಳು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಆ ತಪ್ಪನ್ನು ಒಪ್ಪಿಕೊಳ್ಳುತ್ತೇನೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಇಲ್ಲಿ ನೆನೆಯುವಷ್ಟು ಉದ್ಧಟತನ ನನಗಿಲ್ಲ. ತಾವಂತೂ ನೆಲವನ್ನು, ಅಂದರೆ ನಮ್ಮ ದಾಳಗಳನ್ನು, ಬರೀ ಬೈದು ಸುಮ್ಮನಾಗದೆ ಕಿತ್ತುಕೊಂಡು ಹೋಗಿ ಪರೀಕ್ಷೆಗೆ ಒಡ್ಡಿದಿರಿ! ತಮ್ಮ ಕಚೇರಿಯ ಮೂವರು ಗುಮಾಸ್ತರು ಎರಡು ದಿನ ಬೇರೆ ಕೆಲಸ ಬಿಟ್ಟು ನೂರು ಸಲ ದಾಳ ಎಸೆದು ಕೊಟ್ಟ ವರದಿಯ ಪ್ರತಿ ನನಗೆ ತಲುಪಿದೆ. ಏಳು ಹದಿನೇಳು ಸಲ, ಹನ್ನೆರಡು ಮೂರೇ ಸಲ ಬಿದ್ದಿರುವುದರಿಂದ ದಾಳಗಳು ದೋಷಪೂರಿತವೆಂದೂ, ಹನ್ನೊಂದು ಮೊತ್ತಗಳೂ ಸರಿಸಮನಾಗಿ ಬೀಳುವಂತೆ ರಿಪೇರಿ ಮಾಡುವವನನ್ನು ಶಾಲೆಯವರು ಹುಡುಕಿಕೊಟ್ಟ ಮೇಲಷ್ಟೇ ಹಿಂತಿರುಗಿಸಲಾಗುವುದೆಂದೂ ತಾವು ಷರಾ ಬರೆದಿದ್ದೀರಿ. ಇಂಥ ಸಮದೃಷ್ಟಿ ಎಲ್ಲರಿಗೂ ಬರುವಂಥದ್ದಲ್ಲ. ಆದರೆ ರಿಪೇರಿ ಮಾಡುವವನು ಯಾವ ಬೀದಿಯಲ್ಲೂ ಸಿಗಲಿಲ್ಲ. ಮರಗೆಲಸದವನನ್ನು ಕೇಳಿದರೆ ನನ್ನನ್ನೇ ಮೇಲಿಂದ ಕೆಳಗೆ ನೋಡಿದ. ಆದ್ದರಿಂದ ಆರೂ ಆರೂ ಸೇರಿದರೆ ಮಾತ್ರ ಆಗುವ ಹನ್ನೆರಡಕ್ಕೆ ಇನ್ನೈದು ದಾರಿಗಳನ್ನು ಸುತ್ತೋಲೆಯ ಮೂಲಕ ತಾವೇ ಮಂಜೂರು ಮಾಡಬೇಕೆಂದೂ, ಏಳಿನ ದಾರಿಗಳಲ್ಲಿ ಐದನ್ನು ಮುಂದಿನ ಆದೇಶದವರೆಗೆ ಮುಚ್ಚಿಸಬೇಕೆಂದೂ ವಿನಂತಿಸುತ್ತೇನೆ. ಕೂಡುವ ಲೆಕ್ಕ ಮೇಲಧಿಕಾರಿಗಳ ಮಾತು ಕೇಳುವುದಿಲ್ಲವೆಂಬ ದೂರು ಮೊದಲಿನಿಂದಲೂ ಇದೆ. ತಾವು ಗದರಿದರೆ ಕೇಳೀತು.

ದಾಳಗಳನ್ನು ತಾವೇ ಇಟ್ಟುಕೊಳ್ಳಿ. ನನ್ನ ಸಂಕಟ ಬೇರೆ. ಹೊರಡುವ ಮುನ್ನ ತಾವು ತಪಾಸಣಾ ಪುಸ್ತಕದಲ್ಲಿ "ಈ ವಿದ್ಯಾರ್ಥಿನಿಗೆ ಜೂಜಿನ ಒಲವಿದೆ, ಲೆಕ್ಕದಲ್ಲಿ ಹಿಂದುಳಿದವರ ವಿಭಾಗಕ್ಕೆ ಕಳಿಸತಕ್ಕದ್ದು" ಎಂದು ಒಂದೇ ಒಂದು ಸಾಲು ಬರೆದಿರಿ, ಅದರ ನಕಲು ಮನೆಗೂ ಹೋಯಿತು. ಮಾರನೇ ದಿನ ಆ ತಾಯಿ ಕೊರಳಲ್ಲಿ ಅಳತೆಯ ಟೇಪು ಹಾಗೇ ಇರುವಂತೆ ಓಡಿಬಂದು, ಬಾಗಿಲಲ್ಲೇ ನಿಂತು "ಟೀಚರ್, ನನ್ನ ಮಗಳು ಜೂಜಾಡಿದ್ಲಾ?" ಎಂದು ಕೇಳಿದರು. ಇಲ್ಲ ಎಂದೆ. ಕಚೇರಿಯ ಮೊಹರು ಇರುವ ಕಾಗದದ ಮುಂದೆ ನನ್ನ ಬಾಯಿಮಾತನ್ನು ಯಾರು ನಂಬುತ್ತಾರೆ? ಗುಂಡಿಯ ಡಬ್ಬಿ ಅಟ್ಟ ಸೇರಿತು. ಗುಬ್ಬಿ ಮತ್ತೆ ಕೊನೆಯ ಬೆಂಚಿಗೆ ಹೋಗಿ, ಗೊತ್ತಿದ್ದ ಲೆಕ್ಕಕ್ಕೂ ಕೈ ಎತ್ತದೆ ಕುಳಿತಿದ್ದಾಳೆ. ಬರುವ ಸೋಮವಾರ ಅವಳನ್ನು ಆ ವಿಭಾಗಕ್ಕೆ ದಾಟಿಸಬೇಕಂತೆ. ಅಲ್ಲಿಂದ ವಾಪಸ್ಸು ಬಂದ ಮಗುವನ್ನು ಇಪ್ಪತ್ತು ವರ್ಷಗಳಲ್ಲಿ ನಾನು ನೋಡಿಲ್ಲ. ನನಗೆ ಸಿಟ್ಟು ಬಂದಿದೆ ಸ್ವಾಮೀ. ಇದಕ್ಕೆ ವಿನಯದ ಮಾತು ಹುಡುಕಿದೆ, ಸಿಗಲಿಲ್ಲ.

ಸೋಮವಾರದೊಳಗೆ ಒಮ್ಮೆ ದಯಮಾಡಿಸಿ, ಆ ಒಂದು ಸಾಲಿನ ಮೇಲೆ ತಮ್ಮ ಕೈಯಾರೆ ಒಂದು ಗೆರೆ ಎಳೆದು ರುಜು ಹಾಕಿ. ಎರಡು ನಿಮಿಷದ ಕೆಲಸ. ಬೆಂಚು ಚಿಕ್ಕದಾಯಿತೆಂದರೆ ನನ್ನ ಕುರ್ಚಿ ಕೊಡುತ್ತೇನೆ.

ದಾಳ ಕಳೆದುಕೊಂಡರೂ ತಮ್ಮ ಮೇಲಿನ ನಂಬಿಕೆಯನ್ನು ಸೋಮವಾರದವರೆಗೆ ಕಾಯ್ದಿಟ್ಟುಕೊಂಡಿರುವ,
ತಮ್ಮ ವಿಶ್ವಾಸಿ,
ಐದನೇ ತರಗತಿಯ ಗಣಿತದ ಟೀಚರ್

ತಾ.ಕ.: ಶಾಲೆ ಬಿಟ್ಟ ಮೇಲೆ ಇದನ್ನು ಬರೆಯುತ್ತಿದ್ದಾಗ ಗುಬ್ಬಿ ಮೇಜಿನ ಪಕ್ಕ ಬಂದು ನಿಂತಳು. ಸರ್‌ಗೆ ಬರೀತಿದೀನಿ, ನೀನೇನಾದರೂ ಹೇಳ್ತೀಯಾ ಎಂದೆ. ಒಂದು ತಿಂಗಳಲ್ಲಿ ಮೊದಲ ಸಲ ಅವಳು ಬಾಯಿ ಬಿಟ್ಟು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದಿದ್ದೇನೆ: "ಸರ್ ಮತ್ತೆ ಆಡೋಕೆ ಬಂದ್ರೆ ಹನ್ನೆರಡು ಬೇಡ ಅನ್ನಿ ಟೀಚರ್, ಪಾಪ ಸೋಲ್ತಾರೆ. ಆರೋ ಎಂಟೋ ತಗೊಳ್ಳಲಿ, ಐದೈದು ದಾರಿ ಸಿಗುತ್ತೆ. ಏಳು ಮಾತ್ರ ನಾನು ಕೊಡಲ್ಲ."