ತೆಂಗಿನೆಣ್ಣೆಯ ಮತ್ಸ್ಯಗಂಧಿ

ವ್ಯವಹಾರ ಇಷ್ಟೇ: ಕಾರವಾರದ ಬೀಗರ ಹೊಸ ಮನೆಯ ಹಾಲ್‌ನ ದೊಡ್ಡ ಗೋಡೆ. ಗೃಹಪ್ರವೇಶದೊಳಗೆ ನಾನು ಕೈಯಾರೆ ಬರೆದ ಚಿತ್ರ ಕೊಟ್ಟರೆ ಅಲ್ಲಿ ಅದು ತೂಗುತ್ತದೆ. ಕೊಡದಿದ್ದರೆ ಬೀಗರು ಶಾಲು ಹೊದ್ದು ಸನ್ಮಾನ ಮಾಡಿಸಿಕೊಂಡ ಇಪ್ಪತ್ತೇಳು ಫೋಟೋ. "ಅಪ್ಪಾ, ದಿನಾ ಅವುಗಳ ಎದುರು ಕೂತು ಊಟ ಮಾಡೂದು ನಾನು. ಹ್ಯಾಂಗಾದ್ರೂ ಮಾಡು" ಎಂದಳು ಮಗಳು. ಅಂಕೋಲೆಯಲ್ಲಿ ಎಣ್ಣೆ ಗಿರಣಿ ಇಟ್ಟು ಮೂವತ್ತು ವರ್ಷವಾಯಿತು. ಕೊಬ್ಬರಿ ವಿಷಯದಲ್ಲಿ ನನಗೆ ಯಾರೂ ಟೋಪಿ ಹಾಕಿಲ್ಲ. ಗಿರಣಿಯಿಂದ ಹೊರಗೆ ಕಾಲಿಟ್ಟರೆ ಮಾತ್ರ ಇಂಥ ಫಜೀತಿ ಆಗುತ್ತಲೇ ಇರುತ್ತವೆ.

ಎಣ್ಣೆ ಯಾವುದಾದರೇನು

ಹಳೆಯ ಚಿತ್ರ ನಕಲು ಮಾಡಿ ಕಲಿಯಿರಿ ಎಂದು ನಿವೃತ್ತ ಡ್ರಾಯಿಂಗ್ ಮಾಸ್ತರರು ಒಂದು ಮುದ್ರಿತ ಪ್ರತಿ ಕೊಟ್ಟರು: ದೋಣಿಯಲ್ಲಿ ಮತ್ಸ್ಯಗಂಧಿ, ಎದುರಿಗೆ ಮರುಳಾದ ರಾಜ. ಬಣ್ಣಕ್ಕೆ ಬೆರೆಸಲು ಅಗಸೆ ಎಣ್ಣೆ ತರಲು ಹೇಳಿದರು. ಬೆರಳುದ್ದದ ಬಾಟಲಿಯ ಬೆಲೆ ಕೇಳಿ ಬರಿಗೈಲಿ ವಾಪಸಾದೆ. ಸ್ವಂತ ಗಿರಣಿ ಇದ್ದವ ಇನ್ನೊಬ್ಬರ ಎಣ್ಣೆ ಕೊಳ್ಳುತ್ತಾನೆಯೇ? ನಮ್ಮದೇ ಒಂದನೇ ನಂಬರ್ ತೆಂಗಿನೆಣ್ಣೆಯನ್ನು ಧಾರಾಳವಾಗಿ ಬೆರೆಸಿದೆ.

ತಿಂಗಳಾದರೂ ಚಿತ್ರ ಒಣಗಲಿಲ್ಲ. ಮಾಸ್ತರರು ಬೆರಳಲ್ಲಿ ಮುಟ್ಟಿ ಮೂಸಿದರು.

"ಮಾರಾಯ್ರೇ, ಅಗಸೆ ಎಣ್ಣೆ ಗಾಳಿಗೆ ಗಟ್ಟಿ ಆಗ್ತದೆ. ಇದು ಜನ್ಮದಲ್ಲಿ ಒಣಗೂದಿಲ್ಲ."

"ಹೊಸದು ಬರೆಯಲು ದಿನ ಇಲ್ಲವಲ್ಲ. ಈಗೇನು ಮಾಡುವುದು?"

"ಸಾಸಿವೆ, ಒಣಮೆಣಸು ಹಾಕಿ. ಒಗ್ಗರಣೆಗಾದ್ರೂ ಆಯ್ತು."

ಹುಟ್ಟು ಹಿಡಿಯುವ ಕೈ

ಆದರೂ ಆಸೆ, ಚಿತ್ರವನ್ನು ಅಂಗಳದ ಬಿಸಿಲಿಗೆ ನಿಲ್ಲಿಸಿದೆ. ಮಂಜಗುಣಿಯಿಂದ ಮನೆಬಾಗಿಲಿಗೆ ಮೀನು ತರುವ ಹೆಂಗಸು ಬುಟ್ಟಿ ಇಳಿಸಿ ನೋಡಿದಳು.

"ಇದ್ಯಾರು ಸಾವ್ಕಾರ್ರೇ?"

"ಮತ್ಸ್ಯಗಂಧಿ. ದೋಣಿಯಲ್ಲಿ ಹೊಳೆ ದಾಟಿಸುವವಳು."

"ಈ ಕೈಯಲ್ಲಾ? ಹುಟ್ಟು ಹಿಡ್ದದ್ದು ನೋಡಿ, ಪಾಯ್ಸಕ್ಕೆ ಸೌಟು ಹಿಡ್ದಂಗೆ. ಇಳಿತದ ಹೊತ್ತಿಗೆ ಅಳಿವೆಗೆ ಬಂದ್ರೆ ಇವ್ಳೂ ಇಲ್ಲ, ರಾಜನೂ ಇಲ್ಲ."

ಅಂಗಳದ ಪೊರಕೆಯನ್ನೇ ಹುಟ್ಟು ಮಾಡಿ ಸರಿಯಾದ ಪಟ್ಟು ತೋರಿಸಿದಳು. ಮಾದರಿಗೆಂದು ತನ್ನ ತೋಳು ಚಾಚಿದಳು. ಅನುಭವಸ್ಥರ ಮಾತು, ಬಣ್ಣವೂ ಹೇಗೂ ಹಸಿ. ತೋಳು ದಪ್ಪ ಮಾಡಿದೆ, ಭುಜ ಅಗಲಿಸಿದೆ. ಹೆಂಡತಿ ಬಂದು ಬಹಳ ಹೊತ್ತು ನೋಡಿದಳು.

"ರಾಜ ಹೆಣ್ಣು ಕೇಳೂಕೆ ಬಂದಾಂಗಿಲ್ಲ. ತಪ್ಪಾಯ್ತು ಹೇಳೂಕೆ ಬಂದಾಂಗಿದೆ."

ಮೀಸೆ

ಗೃಹಪ್ರವೇಶಕ್ಕೆ ನಾಲ್ಕು ದಿನ. ಬೆಳಿಗ್ಗೆ ಎದ್ದು ನೋಡಿದರೆ ಮತ್ಸ್ಯಗಂಧಿಗೆ ಕಪ್ಪು ಮೀಸೆ! ಹೆಂಡತಿಯ ಕಿತಾಪತಿ ಎಂದುಕೊಂಡೆ. "ನಾನ್ಯಾಕೆ ಮುಟ್ಟಲಿ? ಎಣ್ಣೆಗೆ ಬಂದ ಇರುವೆ ಸಾಲು ಅದು" ಎಂದಳು. ಜೋರಾಗಿ ಊದಿದೆ. ಮೀಸೆ ಎದ್ದು ನಡೆದು ರಾಜನ ಮುಖದ ಮೇಲೆ ಕೂತಿತು. ಅವನಿಗೆ ಚೆನ್ನಾಗಿಯೇ ಒಪ್ಪಿತ್ತು.

ಇಪ್ಪತ್ತೆಂಟನೆಯ ಫೋಟೋ

ಮಗಳಿಗೆ ಕೊಟ್ಟ ಮಾತು ಬಿಡುವ ಹಾಗಿಲ್ಲ. ಹಸಿ ಚಿತ್ರವನ್ನು ಟೆಂಪೋದಲ್ಲಿ ನಿಲ್ಲಿಸಿ, ಕಾರವಾರದ ತನಕ ಕೈಯಲ್ಲಿ ಹಿಡಿದುಕೊಂಡೇ ಹೋಗಿ ಗೋಡೆಗೆ ತೂಗಿಸಿದೆ. ಹೋಮದ ಕಾವಿಗೆ ಬಣ್ಣ ಮೆಲ್ಲಗೆ ಇಳಿಯತೊಡಗಿತು. "ನೀರು ಎಷ್ಟು ಸಹಜ ಬಂದಿದೆ, ಹರಿದ್ಹಾಂಗೇ ಕಾಣ್ತದೆ" ಎಂದರು ಪುರೋಹಿತರು. ಹರಿಯುತ್ತಲೇ ಇತ್ತು.

ಅಷ್ಟರಲ್ಲಿ ನೆಂಟರು ಬೀಗರಿಗೆ ಬಿಳಿ ಶಾಲು ಹೊದಿಸಿದರು. ಫೋಟೋದವ "ಸ್ವಲ್ಪ ಹಿಂದೆ, ಇನ್ನೂ ಸ್ವಲ್ಪ" ಎಂದ. ನಾನು "ಬೀಗ್ರೇ, ಬೇಡ!" ಎನ್ನುವಷ್ಟರಲ್ಲಿ ಅವರು ಚಿತ್ರಕ್ಕೆ ಆರಾಮಾಗಿ ಒರಗಿದ್ದರು. ಅವರು ಮುಂದೆ ಬಂದಾಗ ಚಿತ್ರದ ದೋಣಿಯಲ್ಲಿ ಮತ್ಸ್ಯಗಂಧಿ ಒಬ್ಬಳೇ. ರಾಜ ಬೀಗರ ಬೆನ್ನ ಮೇಲೆ! ಹಾಗೇ ಅವರು ಊಟದ ಪಂಕ್ತಿಯುದ್ದಕ್ಕೂ ಹೋಳಿಗೆ ವಿಚಾರಿಸುತ್ತ ಓಡಾಡಿದರು. ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಮರುದಿನ ಬೀಗರ ಫೋನ್: "ನಿಮ್ಮ ಚಿತ್ರ ಈಗಿಂದೀಗ ತಗೊಂಡು ಹೋಗಿ!"

ಸಂಜೆ ಮತ್ತೆ ಫೋನ್. ದನಿ ತಗ್ಗಿತ್ತು. ಕ್ಯಾನ್ವಾಸಿನ ಎಣ್ಣೆಯೆಲ್ಲ ಹೊಸ ಗೋಡೆಗೆ ಇಳಿದಿದೆಯಂತೆ. ಆ ಜಿಡ್ಡಿನ ಮೇಲೆ ಬಣ್ಣ ಹಿಡಿಯುವುದಿಲ್ಲ ಎಂದು ಪೇಂಟರ್ ಕೈಚೆಲ್ಲಿದನಂತೆ. ಫೋಟೋ ತೂಗಿದರೆ ನಡುನಡುವೆ ಜಿಡ್ಡು ಇಣುಕುತ್ತದಂತೆ.

"ಹಾಂಗಾರೆ?" ಎಂದೆ.

"ಮುಚ್ಚೂಕೆ ಅಷ್ಟು ದೊಡ್ಡದು ನಿಮ್ಮದೊಂದೇ. ಇರ್ಲಿ ಬೀಗ್ರೇ, ಅಲ್ಲೇ ಇರ್ಲಿ."

ಒಟ್ಟು ದಕ್ಕಿದ್ದು: ಇಡೀ ಗೋಡೆ, ಖಾಯಂ. ಖರ್ಚಾದದ್ದು: ಒಬ್ಬ ರಾಜ.