ಪುಟ ನೋಡಲು ಬಂದವರು

ಆ ದಿನ ಬೆಳಿಗ್ಗೆ ಅಂಕಿ ಎಂದಿಗಿಂತ ಒಂದು ಹೆಚ್ಚು ಏರಿತ್ತು. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಅಂಟಣ್ಣ ಛಾಪಖಾನೆಯ ಬೈಂಡರ್. ಇಪ್ಪತ್ತೆಂಟು ವರ್ಷ ಪುಸ್ತಕಗಳ ಬೆನ್ನಿಗೆ ಅಂಟು ಬಳಿದವನು. ಅವನ ಕೈ ಕುಲುಕಿದರೆ ಬಿಡಿಸಿಕೊಳ್ಳಲು ಇನ್ನಿಬ್ಬರು ಬೇಕು ಎಂದು ಜೊತೆಯವರು ನಗುತ್ತಿದ್ದರು. ಹೆಸರು ಬಂದದ್ದೂ ಹಾಗೆ. ಹೆಂಡತಿ ಶಾಲೆಯಲ್ಲಿ ಹೊಲಿಗೆ ಟೀಚರ್ ಆಗಿದ್ದಳು. ರಿಟೈರ್ ಆದ ಮೇಲೆ ಒಂದು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿ, ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಜಾಗ ಹಿಡಿದು, 'ಹರಿದದ್ದಕ್ಕೆ ಮದ್ದು' ಎಂಬ ಪುಟ ಮಾಡಿದ್ದಳು. ಮೊಣಕೈ ಸವೆದ ಸ್ವೆಟರ್, ಹಲ್ಲು ಕಿತ್ತ ಜಿಪ್ಪು, ಇಲಿ ಕಡಿದ ಹೊದಿಕೆ, ಎಲ್ಲದಕ್ಕೂ ಅದರಲ್ಲಿ ಉಪಾಯವಿತ್ತು.

ಅವಳು ತೀರಿಕೊಂಡು ಮೂರು ವರ್ಷ. ಅಂಟಣ್ಣ ಅವಳ ಫೋನನ್ನೇ ಇಟ್ಟುಕೊಂಡಿದ್ದ. ದಿನಾ ಕೆಲಸಕ್ಕೆ ಹೊರಡುವ ಮುಂಚೆ ಆ ಪುಟ ತೆರೆದು, ಎಷ್ಟು ಸಲ ನೋಡಲಾಗಿದೆ ಎಂದು ಅಡಿಯಲ್ಲಿ ತೋರಿಸುವ ಅಂಕಿ ನೋಡುತ್ತಿದ್ದ. ಪ್ರತಿದಿನವೂ ಹಿಂದಿನ ದಿನಕ್ಕಿಂತ ಒಂದು ಹೆಚ್ಚು. ಆ ಒಂದು ಅವನದೇ.

ಇವತ್ತು ಎರಡು ಹೆಚ್ಚಾಗಿತ್ತು.

"ನನ್ನ ಬಿಟ್ಟು ಇನ್ಯಾರೋ ನೋಡಿದಾರೆ ಕಣ್ರೋ!" ಎಂದು ಅಂಟಣ್ಣ ಛಾಪಖಾನೆಗೆ ಓಡೋಡುತ್ತ ಬಂದ.

"ಅತ್ತಿಗೇನೇ ಇರಬೇಕು ಅಣ್ಣ," ಎಂದ ಕತ್ತರಿ ಯಂತ್ರದವನು. "ಫೋನಿಗೆ ತಂತಿ ಎಲ್ಲಿದೆ? ಎಲ್ಲ ಗಾಳೀಲೇ ಬರೋದು. ಗಾಳೀಲಿ ಬರೋದನ್ನ ಯಾರು ಬೇಕಾದ್ರೂ ಹಿಡ್ಕೋಬಹುದು."

"ಗಾಳಿ ಅಲ್ಲಯ್ಯ, ಮೋಡ," ಎಂದರು ಯಜಮಾನರು. "ನಮ್ಮ ಅಳಿಯ ಮದುವೆ ಫೋಟೋ ಎಲ್ಲ ಮೋಡದಲ್ಲಿ ಇಟ್ಟಿದಾನೆ. ಮಳೆ ಬಂದ್ರೆ ಏನ್ ಗತಿ ಅಂತ ನನಗೆ ಒಂದೇ ಚಿಂತೆ."

ಕರಡು ತಿದ್ದುವ ಪ್ರೂಫ್ ಮೇಡಂ ತಲೆ ಎತ್ತಲಿಲ್ಲ. "ಯಾರೋ ಅಂದ್ರೆ ಏಕವಚನವೋ ಬಹುವಚನವೋ?" ಎಂದಷ್ಟೇ ಕೇಳಿದರು.

ಅಂಟಣ್ಣನ ಮನಸ್ಸು ಕೆಲಸದಲ್ಲಿ ನಿಲ್ಲಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ನಲವತ್ತು ತೆರಿಗೆ ಕೈಪಿಡಿಗಳಿಗೆ ಮೊಲ ಕುಣಿಯುವ ಮಕ್ಕಳ ಕತೆಯ ರಟ್ಟು ಹಾಕಿಬಿಟ್ಟಿದ್ದ. ಯಜಮಾನರು ಹಣೆ ಚಚ್ಚಿಕೊಂಡರು. "ಹೋಗಿ ಅದ್ಯಾರು ಅಂತ ತಿಳ್ಕೊಂಡು ಬಾರಪ್ಪ. ಇಲ್ಲಾಂದ್ರೆ ಮಧ್ಯಾಹ್ನಕ್ಕೆ ನನಗೂ ರಟ್ಟು ಹಾಕ್ತೀಯ."

ಎರಡು ಬಾಗಿಲು ಆಚೆ ಕಂಪ್ಯೂಟರ್ ರಿಪೇರಿ ಅಂಗಡಿ. ಅಂಗಡಿಯಾಕೆ ಸ್ಕ್ರೂ ಬಿಚ್ಚುತ್ತಲೇ ಕೇಳಿಸಿಕೊಂಡಳು.

"ಗಾಳಿನೂ ಅಲ್ಲ, ಮೋಡನೂ ಅಲ್ಲ ಅಣ್ಣ. ಎಲ್ಲೋ ಒಂದು ಕಟ್ಟಡದಲ್ಲಿ ಸಾಲಾಗಿ ಕಂಪ್ಯೂಟರ್ ಇಟ್ಟಿರ್ತಾರೆ, ಹಗಲೂ ರಾತ್ರಿ ಆರಿಸಲ್ಲ. ಅಕ್ಕನ ಪುಟದ ಅಸಲು ಇರೋದು ಅಲ್ಲಿ. ನೀವು ಇಲ್ಲಿ ಒತ್ತಿದ ತಕ್ಷಣ 'ಇಂಥ ವಿಳಾಸದ ಪುಟ ಕಳಿಸಿ' ಅಂತ ಒಂದು ಚೀಟಿ ಹೋಗುತ್ತೆ. ಅಲ್ಲಿಂದ ಒಂದು ನಕಲು ತುಂಡು ತುಂಡಾಗಿ ಬರುತ್ತೆ. ಒಂದು ತುಂಡು ಈ ದಾರೀಲಿ, ಇನ್ನೊಂದು ಆ ದಾರೀಲಿ. ಒಂದೊಂದಕ್ಕೂ ನಂಬರ್ ಇರುತ್ತೆ. ನಿಮ್ಮ ಫೋನು ನಂಬರ್ ನೋಡಿ ಜೋಡಿಸಿಕೊಳ್ಳುತ್ತೆ."

ಅಂಟಣ್ಣನ ಮುಖ ಅರಳಿತು. "ಅಯ್ಯೋ, ನಮ್ಮ ಕೆಲಸಾನೇ ಅಲ್ವೇನಮ್ಮ! ನಾವೂ ಅಚ್ಚಾದ ಹಾಳೆಗಳನ್ನ ಮಡಿಸಿ, ನಂಬರ್ ನೋಡಿ ಜೋಡಿಸೋದು. ಮತ್ತೆ ಹೊಲಿಗೆ?"

"ಹೊಲಿಗೆ ಇಲ್ಲ ಅಣ್ಣ. ಮುಚ್ಚಿದ್ರೆ ಬಿಚ್ಚಿಹೋಗುತ್ತೆ."

ಆಕೆ ಫೋನು ತೆಗೆದುಕೊಂಡು ಪುಟದ ಲೆಕ್ಕಪತ್ರ ಇರುವ ಜಾಗಕ್ಕೆ ಹೋದಳು. ಯಾರು ಯಾವಾಗ ಬಂದರೆಂದು ಅಲ್ಲಿ ಬರೆದಿತ್ತು.

"ಇದು ಮನುಷ್ಯರಲ್ಲ ಅಣ್ಣ. ಹುಡುಕೋ ಕಂಪನಿಯವರ ಯಂತ್ರ. ಯಾವ ಪುಟದಲ್ಲಿ ಏನಿದೆ ಅಂತ ಪಟ್ಟಿ ಮಾಡೋಕೆ ಲೋಕದಲ್ಲಿರೋ ಪುಟಗಳನ್ನೆಲ್ಲ ಸುತ್ತುತ್ತಾ ಇರುತ್ತೆ. ನಿನ್ನೆ ನಿಮ್ಮನೆ ಸರದಿ ಬಂದಿತ್ತು."

ಅಂಟಣ್ಣ ಛಾಪಖಾನೆಗೆ ವಾಪಸು ಬಂದು, ಯಂತ್ರ ಬಂದಿತ್ತಂತೆ ಎಂದಷ್ಟೇ ಹೇಳಿ, ತೆರಿಗೆ ಕೈಪಿಡಿಗಳ ಮೊಲಗಳನ್ನು ಕೀಳುತ್ತ ಕೂತ. ಅವನ ಮುಖ ನೋಡಲಾಗದೆ ಉಳಿದವರು ಕಣ್ಣಲ್ಲೇ ಮಾತಾಡಿಕೊಂಡರು. ಒಬ್ಬೊಬ್ಬರಾಗಿ ಹಿತ್ತಲಿಗೆ ಹೋದರು, ಫೋನು ತೆಗೆದರು, ಅವನ ಹೆಂಡತಿಯ ಪುಟ ಒತ್ತಿದರು. ಯಜಮಾನರು ಬೀಗರ ಬಳಗಕ್ಕೆಲ್ಲ ಪುಟದ ವಿಳಾಸ ಕಳಿಸಿದರು. ಕತ್ತರಿ ಯಂತ್ರದವನು ತನ್ನ ಬೀದಿಯವರಿಗೆ, ಷಟಲ್ ಆಡುವವರಿಗೆ, ಹಾಲಿನವನಿಗೂ ಕಳಿಸಿದ. ಅವರು ಇನ್ನಷ್ಟು ಜನಕ್ಕೆ ಕಳಿಸಿದರು.

ಎರಡು ಗಂಟೆಗೆ ಅಂಟಣ್ಣ ಸುಮ್ಮನೆ ಪುಟ ತೆರೆದ. ಅಂಕಿ ಸಾವಿರ ಏರಿತ್ತು! ಇನ್ನೊಮ್ಮೆ ತೆರೆದ. ಎರಡು ಸಾವಿರ! ಅವನ ಕಣ್ಣಲ್ಲಿ ನೀರು ಬಂತು. "ನೋಡ್ರೋ, ಇವು ಯಂತ್ರ ಅಲ್ಲ, ಜನ! ಜನ ಬರ್ತಿದಾರೆ!" ಎಂದು ಕುಣಿದಾಡಿದ. ಗೊತ್ತಿಲ್ಲದವರಂತೆ ಎಲ್ಲರೂ ಬೆರಗಾದರು. ಯಜಮಾನರು ಟೀ ತರಿಸಿದರು.

ನಾಲ್ಕು ಗಂಟೆಗೆ ತೆರೆದರೆ ಪುಟವಿಲ್ಲ. ಬಿಳಿ ಜಾಗದ ನಡುವೆ ಒಂದೇ ಸಾಲು: 'ಈ ಪುಟವನ್ನು ಮುಚ್ಚಲಾಗಿದೆ.'

ಅಂಟಣ್ಣ ಮತ್ತೆ ರಿಪೇರಿ ಅಂಗಡಿಗೆ ಹೋದ. ಅಂಗಡಿಯಾಕೆ ಪುಟಕ್ಕೆ ಜಾಗ ಕೊಟ್ಟಿದ್ದ ಕಂಪನಿಗೆ ಬರೆದಳು. ಉತ್ತರ ಮರುಕ್ಷಣವೇ ಬಂತು. ಪುಕ್ಕಟೆ ಪುಟಕ್ಕೆ ಇಷ್ಟು ಜನ ನುಗ್ಗಿದ್ದರಿಂದ ಅನುಮಾನ ಬಂದಿದೆ, ಮತ್ತೆ ತೆರೆಯಬೇಕಾದರೆ ಸಂಜೆ ಆರರೊಳಗೆ ಪುಟದ ಒಡತಿ ಕ್ಯಾಮೆರಾ ಮುಂದೆ ಮುಖ ತೋರಿಸಬೇಕು, ತಪ್ಪಿದರೆ ಅಳಿಸಲಾಗುವುದು.

"ಅವಳು ಇಲ್ಲ ಅಂತ ಬರೀಬಾರ್ದಾಮ್ಮ?"

"ಬರೆದೆ ಅಣ್ಣ. ಹಾಗಿದ್ರೆ ಆ ವಿಷಯಾನ ಒಡತಿಯವರೇ ಬಂದು ತಿಳಿಸಲಿ ಅಂತ ಹೇಳುತ್ತೆ. ಆ ಕಡೆ ಇರೋದೂ ಯಂತ್ರಾನೇ." ಆಕೆ ಫೋನು ಕೆಳಗಿಟ್ಟಳು. "ಇಷ್ಟು ವರ್ಷ ಯಾರೂ ನೋಡ್ತಿರಲಿಲ್ಲ, ಅವರೂ ಮರೆತಿದ್ರು. ಅದಕ್ಕೇ ಉಳಿದಿತ್ತು. ಒಂದು ನಕಲು ತೆಗೆದು ಇಟ್ಕೊಂಡಿಲ್ವಾ?"

ಊರವರ ಪುಸ್ತಕಗಳನ್ನೆಲ್ಲ ನೂರು ವರ್ಷ ಬಾಳುವಂತೆ ಹೊಲಿದಿದ್ದ ಅಂಟಣ್ಣ ತಲೆಯಾಡಿಸಿದ. ಇಲ್ಲ.

"ಯಾರಾದ್ರೂ ತೆರೆದವರು ಹಾಗೇ ಬಿಟ್ಟಿದ್ರೆ, ಅವರ ಫೋನಲ್ಲಿ ಇನ್ನೂ ಕಾಣ್ತಿರಬಹುದು. ಓಡಿ!"

ಅಂಟಣ್ಣ ಛಾಪಖಾನೆಗೆ ಓಡಿದ. "ಯಾರ ಹತ್ರ ಇದೆ? ತೆರೆದಿಟ್ಟಿದೀರಾ ಯಾರಾದ್ರೂ?"

ಆಗ ಎಲ್ಲರೂ ಬಾಯಿಬಿಟ್ಟರು. "ಒಂದ್ಸಲ ತೆರೆದ್ರೆ ಅಂಕಿ ಒಂದೇ ಅಲ್ವಾ ಅಣ್ಣ ಏರೋದು?" ಎಂದ ಕತ್ತರಿ ಯಂತ್ರದವನು. "ಅದಕ್ಕೆ ಮುಚ್ಚಿ ತೆರೆದೆ, ಮುಚ್ಚಿ ತೆರೆದೆ. ನಾನೊಬ್ಬನೇ ಇನ್ನೂರು ಆಗಿದೀನಿ." ಯಜಮಾನರು ಮುನ್ನೂರು ಆಗಿದ್ದರು. ಎಲ್ಲರ ಫೋನಿನಲ್ಲೂ ಅದೇ ಬಿಳಿ ಜಾಗ, ಅದೇ ಸಾಲು.

"ಓದಿದ್ರಾ?"

"ಓದೋಕೆ ಪುರುಸೊತ್ತೆಲ್ಲಿತ್ತಣ್ಣ?"

ಗಡಿಯಾರ ಆರು ದಾಟಿತು. ಆಗ ಪ್ರೂಫ್ ಮೇಡಂ ಎದ್ದು ಬಂದರು. "ನಾನು ಒಂದೇ ಸಲ ತೆರೆದದ್ದು. ಮೊದಲಿಂದ ಕೊನೇವರೆಗೂ ಓದಿ ಮುಚ್ಚಿದೆ. ಬರವಣಿಗೆ ಚೊಕ್ಕವಾಗಿದೆ ಅಂಟಣ್ಣ. ಮೂರೇ ತಪ್ಪು. ತಿದ್ದಿಸಿಬಿಡಿ," ಎಂದು ಒಂದು ಚೀಟಿ ಕೊಟ್ಟರು.

ಕೆಂಪು ಶಾಯಿಯಲ್ಲಿ ಮೂರು ಸಾಲು. 'ಹೊಲಗೆ' ಅಲ್ಲ, ಹೊಲಿಗೆ. 'ಮೇಣದಭತ್ತಿ' ಅಲ್ಲ, ಮೇಣದಬತ್ತಿ. 'ನಮ ಮನೆಯವರು' ಅಲ್ಲ, ನಮ್ಮ ಮನೆಯವರು.

ಅಂಟಣ್ಣ ಮೂರನೆಯದನ್ನು ಎರಡೆರಡು ಸಲ ಓದಿದ. "ಇದು ಎಲ್ಲಿ ಬರುತ್ತೆ ಮೇಡಂ?"

"ಕೊನೇ ಪ್ಯಾರಾದಲ್ಲಿ. ಅದು ಪೂರ್ತಿ ನಿಮ್ಮ ವಿಷಯಾನೇ."

"ಏನಂತ... ಏನಂತ ಬರೆದಿದಾಳೆ?"

ಮೇಡಂ ಕನ್ನಡಕ ತೆಗೆದರು. "ನಾನು ಕಾಗುಣಿತ ನೋಡೋಳು. ಅರ್ಥ ತಲೇಲಿ ನಿಲ್ಲಲ್ಲ. ನೀವು ಮೂರು ವರ್ಷ ದಿನಾ ನೋಡಿದೀರಲ್ಲ, ನಿಮಗೆ ಬಾಯಿಪಾಠ ಬಂದಿರಬೇಕು."

ಅಂಟಣ್ಣ ಒಂದು ದಿನವೂ ಓದಿರಲಿಲ್ಲ. ಮೊದಮೊದಲು ಅವಳ ಮಾತು ಕಣ್ಣಿಗೆ ಬಿದ್ದರೆ ಸಾಕು, ಕಣ್ಣು ಬೇರೆಡೆ ತಿರುಗಿಸುತ್ತಿದ್ದ. ಮುಂದೆ ಯಾವತ್ತಾದರೂ ಓದಿದರಾಯಿತು, ಅದೆಲ್ಲಿಗೆ ಹೋಗುತ್ತದೆ ಎಂದುಕೊಂಡು ಸರ್ರನೆ ಅಂಕಿಗೆ ಇಳಿದುಬಿಡುತ್ತಿದ್ದ.

ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು.

"ಹೂಂ, ಗೊತ್ತು ಮೇಡಂ," ಎಂದ ಅಂಟಣ್ಣ. "ಬೈದಿದಾಳೆ ನನ್ನ. ಇನ್ನೇನು ಬರೀತಾಳೆ?"

ಎಲ್ಲರೂ ಗೊಳ್ಳೆಂದು ನಕ್ಕರು. ಅವನೂ ನಗಬೇಕಾಯಿತು.